ಎಡಗೈ ಗುರು

ನನ್ನ ಸ್ಲೇಟಿನ ಒಂದು ಮೂಲೆ ಒಡೆದಿದೆ. ಅಕ್ಷರಗಳೆಲ್ಲ ಆ ಕಡೆಗೇ ಜಾರುತ್ತವೆ ಅಂತ ನೆವ ಹೇಳುತ್ತೇನೆ, ನಿಜವೆಂದರೆ ಅರವತ್ತು ದಾಟಿದ ಕೈಗೆ ಅಕ್ಷರ ಬಗ್ಗುವುದಿಲ್ಲ. ಮಾಡದಕೆರೆ ಹತ್ತಿರದ ನಮ್ಮ ಹಳ್ಳಿಯ ದೊಡ್ಡವರಿಗೆ ಓದು ಕಲಿಸಲು ಹೊಸದುರ್ಗದಿಂದ ಬಸ್ಸಿನಲ್ಲಿ ಬರುವ ಮೇಡಮ್ಮು, ನನಗೊಬ್ಬಳು ಮೊಮ್ಮಗಳಿದ್ದಿದ್ದರೆ ಅವಳ ವಯಸ್ಸಿನವಳು, ಮೊನ್ನೆ ಒಂದು ಪ್ರಶ್ನೆ ಹಾಕಿದಳು: ನಿಮ್ಮ ಆದರ್ಶ ಯಾರು, ನಾಲ್ಕು ಸಾಲು ಬರೀರಿ. ನನ್ನ ಪಕ್ಕ ಕೂತ ಗಂಗಮ್ಮ ಗೋಡೆಯ ಕ್ಯಾಲೆಂಡರಿನಲ್ಲಿದ್ದ ದೇವಿಯ ಹೆಸರು ಬರೆದಳು. ಅವಳ ಹಿಂದೆ ಕೂತವಳು ಗಂಗಮ್ಮನ ಸ್ಲೇಟು ನೋಡಿ ಅದನ್ನೇ ಬರೆದಳು. ಅದೂ ಒಂದು ಥರ ಆದರ್ಶವೇ ಅನ್ನಿ. ನಾನು ಏನೂ ಬರೆಯಲಿಲ್ಲ. ನನ್ನದು ನಾಲ್ಕು ಸಾಲಿನಲ್ಲಿ ಹಿಡಿಯುವ ಮಾತಲ್ಲ. ಈಗ ಮೇಡಮ್ಮು ಕೊಟ್ಟ ನೋಟ್‌ಬುಕ್ಕಿನಲ್ಲಿ, ದಿನಕ್ಕಿಷ್ಟು ಅಂತ, ಬರೆಯುತ್ತಿದ್ದೇನೆ.

ನಮ್ಮದು ಕುರಿ ಕಾಯುವ, ಕಂಬಳಿ ನೇಯುವ ಜನ. ಉಣ್ಣೆ ಬಿಡಿಸಿ ನೂಲು ತೆಗೆಯುವುದು, ಹುಣಸೆ ಬೀಜದ ಗಂಜಿ ಕಾಸಿ ಮಗ್ಗಕ್ಕೆ ಉದ್ದಕ್ಕೆ ಹಾಸುವ ನೂಲಿಗೆ ಬಳಿಯುವುದು ಹೆಂಗಸರ ಪಾಲು. ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗದ ಕುಣಿಗೆ ಇಳಿಯುವುದು ಮಾತ್ರ ಗಂಡಸು. ನಮ್ಮ ಮನೆಯವರು ಅರ್ಧ ನೇಯ್ದ ಕಂಬಳಿ ಮಗ್ಗದ ಮೇಲೆ ಬಿಟ್ಟು ಸತ್ತರು. ತಿಥಿಯ ಮಾರನೇ ದಿನವೇ ಮೈದುನ ಬಂದ. ಮಗ್ಗ ಕಿತ್ತು ತನ್ನ ಮನೆಗೆ ಹಾಕಿಕೊಳ್ಳುತ್ತೇನೆ, ನೀನೂ ಬಂದು ಒಂದು ಮೂಲೆಯಲ್ಲಿ ನೂಲು ತೆಗೆದುಕೊಂಡು ಉಂಡಿರು ಅಂದ. ಕೆಟ್ಟವನಲ್ಲ ಅವನು. ಆದರೆ ಇನ್ನೊಬ್ಬರ ಒಲೆಯ ಮುಂದೆ ತಟ್ಟೆ ಹಿಡಿದು ಕೂರುವುದು ಏನೆಂದು ನನಗೆ ಗೊತ್ತು, ನನ್ನ ತಾಯಿ ಕೂತಿದ್ದಳು. ಯುಗಾದಿಯೊಳಗೆ ಕೊಳ್ಳುವವರು ಒಪ್ಪುವಂಥ ಒಂದೇ ಒಂದು ಕಂಬಳಿ ನೇಯದಿದ್ದರೆ ಮಗ್ಗವೂ ನಿನ್ನದು, ನಾನೂ ಬರುತ್ತೇನೆ ಅಂದೆ. ನಕ್ಕು ಹೋದ. ಆಮೇಲೆ ಮನೆಯಲ್ಲಿ ನಾನು ಕೆಮ್ಮಿದರೆ ಯಾಕೆ ಅಂತ ಕೇಳುವವರಿರಲಿಲ್ಲ.

ಮಾತು ಕೊಟ್ಟದ್ದೇನೋ ಆಯಿತು, ಧೈರ್ಯ ಎಲ್ಲಿಂದ ತರುವುದು? ಹೊಸದುರ್ಗದ ಸಂತೆಗೆ ನೂಲು ಮಾರಲು ಹೋದಾಗ ಅದು ಕಣ್ಣಿಗೆ ಬಿತ್ತು. ಸಂತೆಯ ಹಿಂದಿನ ಓಣಿಯಲ್ಲಿ ಹುಸೇನಬಿ ಅಂತ ಒಬ್ಬಳು, ಗಂಡ ತೀರಿಕೊಂಡವಳು, ಹಾಸಿಗೆಗೆ ಹತ್ತಿ ಹಿಂಜುತ್ತಿದ್ದಳು. ಅವರಲ್ಲೂ ಹೆಂಗಸರು ಹಾಸಿಗೆ ಹೊಲಿದಾರು, ಹತ್ತಿ ಹಿಂಜುವ ಬಿಲ್ಲು ಮುಟ್ಟುವುದು ಗಂಡಸರೇ. ಇವಳು ಮಾತ್ರ ಆಳುದ್ದದ ಬಿಲ್ಲನ್ನು ಸೂರಿಗೆ ತೂಗಿಹಾಕಿ, ಎಡಗೈಯಲ್ಲಿ ಮರದ ಕೊಡತಿ ಹಿಡಿದು ಅದಕ್ಕೆ ಬಿಗಿದ ನರದ ಹುರಿಗೆ ಹೊಡೆಯುತ್ತಿದ್ದಳು. ಹತ್ತಿ ಮೋಡದ ಹಾಗೆ ಏಳುತ್ತಿತ್ತು, ಓಣಿಯ ಗಂಡಸರು ಏನಂದರೂ ಇವಳು ತಲೆ ಎತ್ತುತ್ತಿರಲಿಲ್ಲ. ಪ್ರತಿ ಸಂತೆಗೂ ಎದುರು ಕಟ್ಟೆಯ ಮೇಲೆ ಕೂತು ನೋಡಿದೆ. ಒಂದು ದಿನವೂ ಮಾತಾಡಿಸಲಿಲ್ಲ. ದೇವರನ್ನು ಯಾರು ಮಾತಾಡಿಸುತ್ತಾರೆ?

ಊರಿಗೆ ಬಂದು ಕುಣಿಗೆ ಇಳಿದೆ. ಅವಳ ಹಾಗೆಯೇ ತುಟಿ ಬಿಗಿದೆ, ಸೆರಗನ್ನು ಅವಳ ಹಾಗೆಯೇ ತಲೆಗೆ ಸುತ್ತಿದೆ. ಅಡ್ಡ ಹಾಯುವ ಹೊಕ್ಕಿನ ನೂಲನ್ನು ಬಡಿದು ಕೂರಿಸುವ ಹಲಗೆಯನ್ನು ಅವಳ ಹಾಗೆಯೇ ಎಡಗೈಯಲ್ಲಿ ಹಿಡಿದೆ. ಹಸೆಮಣೆಯಲ್ಲಿ ಹೆಣ್ಣು ಎಡಕ್ಕೆ ಕೂರುತ್ತಾಳಲ್ಲ, ಹಾಗೆ ಗಂಡಸರ ಕೆಲಸವನ್ನು ಹೆಂಗಸು ಮಾಡಬೇಕಾದರೆ ಎಡಗೈಯಲ್ಲೇ ಮಾಡಬೇಕೇನೋ, ಅದರ ಗುಟ್ಟೇ ಅದೇನೋ ಅಂದುಕೊಂಡೆ. ಆದರೆ ರೂಢಿಯಿಲ್ಲದ ಎಡಗೈಯಲ್ಲಿ ಏಟು ಬೀಳುವುದು ಒಂದೇ ಕಡೆಗೆ. ಎರಡು ಕಂಬಳಿ ನೇಯ್ದೆ, ಎರಡಕ್ಕೂ ಒಂದು ಅಂಚು ಗಟ್ಟಿ, ಇನ್ನೊಂದು ಅಂಚು ಸಡಿಲ. ಸಂತೆಯಲ್ಲಿ ಒಬ್ಬ ಕುರಿಯವನು ಬಿಡಿಸಿ ನೋಡಿ, “ಏನಜ್ಜಿ, ಸೊಟ್ಟ ಆಗಿರೋನು ಯಾವನಾದ್ರೂ ಸಿಕ್ಕಿದ್ರೆ ಅವನಿಗೆ ಕೊಡು, ಸರಿಯಾಗಿ ಕೂರ್ತೈತೆ” ಅಂದ. ಸುತ್ತಲಿದ್ದವರು ನಕ್ಕರು. ಯುಗಾದಿಗೆ ಒಂದೇ ತಿಂಗಳಿತ್ತು.

ಸಿಟ್ಟಿನಲ್ಲಿ ಸೀದಾ ಹುಸೇನಬಿಯ ಬಾಗಿಲಿಗೆ ಹೋದೆ. ಕಂಬಳಿ ಬಿಸಾಕಿ, ನಿನ್ನ ನೋಡಿ ಎಡಗೈಯಲ್ಲಿ ನೇಯ್ದೆ, ಹೀಗಾಯಿತು ಅಂದೆ. ಅವಳು ಕೊಡತಿ ಕೆಳಗಿಟ್ಟಳು. ಬಲಗೈಯ ತೋಳು ಸರಿಸಿ ತೋರಿಸಿದಳು. ಮೊಣಕೈ ಸೊಟ್ಟಗೆ ಕೂಡಿಕೊಂಡಿತ್ತು, ಎದೆಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ.

“ಬಾವಿ ಕಟ್ಟೆ ಮೇಲೆ ಬಿದ್ದಿದ್ದೆ ಕಣಮ್ಮ, ಮೂಳೆ ನೆಟ್ಟಗೆ ಕೂಡ್ಲಿಲ್ಲ. ನಿನ್ನ ಬಲಗೈಗೆ ಏನಾಗೈತೆ?”

ಏನೂ ಆಗಿರಲಿಲ್ಲ. ಬಿಸಾಕಿದ ಕಂಬಳಿ ಮಡಿಚಿಕೊಂಡು ಬಸ್ಸಿನ ಕಡೆ ನಡೆದೆ.

ಒಬ್ಬರನ್ನು ಕಣ್ಣ ಮುಂದೆ ಇಟ್ಟುಕೊಂಡು ಬಾಳಿದರೆ ಒಳ್ಳೆಯದು ಅಂತ ಮೇಡಮ್ಮು ಹೇಳುತ್ತಾಳೆ. ಸುಳ್ಳಲ್ಲ, ಹುಸೇನಬಿಯನ್ನು ನೋಡದಿದ್ದರೆ ನಾನು ಕುಣಿಗೆ ಇಳಿಯುತ್ತಲೇ ಇರಲಿಲ್ಲ. ಆದರೆ ದೂರದಿಂದ ನೋಡುವವರಿಗೆ ಯಾವುದು ಛಲ, ಯಾವುದು ಗಾಯ ಅಂತ ಬೇರೆ ಮಾಡಿ ಕಾಣುವುದಿಲ್ಲ ನೋಡ್ರಿ, ಎರಡನ್ನೂ ಒಟ್ಟಿಗೇ ಮನೆಗೆ ಹೊತ್ತು ತರುತ್ತೇವೆ. ಆ ದಿನ ಬಸ್ಸಿನಲ್ಲಿ ವಾಪಸು ಬರುವಾಗ, ನಮ್ಮ ಮನೆಯವರು ಸತ್ತ ದಿನಕ್ಕಿಂತ ಹೆಚ್ಚು ಒಂಟಿ ಅನ್ನಿಸಿತು. ಅಲ್ಲಿಯವರೆಗೆ ಮಗ್ಗದಲ್ಲಿ ನನ್ನ ಜೊತೆ ಅವಳೂ ಕೂತಿದ್ದಳು. ಈಗ ಕುಣಿಯಲ್ಲಿ ನಾನೊಬ್ಬಳೇ.

ಬಡಿಯುವ ಹಲಗೆ ಬಲಗೈಗೆ ಬಂತು, ಏಟು ಸಮ ಬಿತ್ತು. ಆದರೂ ಕುಣಿಗೆ ಇಳಿದಂದಿನಿಂದ ಹಿಡಿದಿದ್ದ ಸೊಂಟ ಸೀಳುವ ನೋವು ಹೋಗಲಿಲ್ಲ. ತುಳಿಯುವ ಹಲಗೆಗೆ ಕಾಲು ಎಟುಕದೆ ನಾನು ಇಷ್ಟು ದಿನ ಕುಣಿಯ ಅಂಚಿಗೆ ಜಾರಿ, ನೇತಾಡಿಕೊಂಡು ನೇಯುತ್ತಿದ್ದೆ. ಆ ಕುಣಿ ನಮ್ಮ ಮನೆಯವರ ಕಾಲಿನ ಅಳತೆಗೆ ತೋಡಿದ್ದು. ಎರಡು ದಿನ ಅದನ್ನೇ ನೋಡುತ್ತಾ ಕೂತೆ. ಮೂರನೇ ದಿನ ಹಿತ್ತಲಿಂದ ನಾಲ್ಕು ಮಂಕರಿ ಮಣ್ಣು ತಂದು ಸುರಿದು, ನೀರು ಚಿಮುಕಿಸಿ ತುಳಿದು, ತುಳಿಯುವ ಹಲಗೆಗಳನ್ನು ಮೇಲಕ್ಕೆ ಕಟ್ಟಿದೆ. ಮೂರನೆಯ ಕಂಬಳಿಯನ್ನು ಅದೇ ಕುರಿಯವನು ಎಳೆದು, ಬೆಳಕಿಗೆ ಹಿಡಿದು ನೋಡಿ, ದುಡ್ಡು ಎಣಿಸಿ ಕೊಟ್ಟು ಹೆಗಲಿಗೆ ಹಾಕಿಕೊಂಡು ಹೋದ.

ಯುಗಾದಿಯ ಮಾರನೇ ದಿನ ಮೈದುನ ಬಂದ. ಕಂಬಳಿ ಮಾರಿದ ಸುದ್ದಿ ಅವನಿಗೆ ಮುಟ್ಟಿತ್ತು. ಅವನು ಕುಣಿಯನ್ನೇ ನೋಡುತ್ತಿದ್ದ.

“ಅತ್ಗೆ, ಅಣ್ಣನ ಕುಣಿ ಮುಚ್ಚಿಬಿಟ್ಟೆಯಾ?”

“ಮುಚ್ಚಿಲ್ಲ ಕಣಪ್ಪ. ನನ್ನ ಕಾಲು ಇಷ್ಟೇ ಉದ್ದ ಇರಾದು.”

ನಂಬದೆ ತಾನೇ ಇಳಿದು ಕೂತ. ಮೊಣಕಾಲು ಮಗ್ಗದ ಮರಕ್ಕೆ ತಾಗಿತು. ಉಜ್ಜಿಕೊಂಡು ಎದ್ದು, ಮಜ್ಜಿಗೆ ಕುಡಿದು ಹೋದ. ಆಮೇಲೆ ಆ ಕುಣಿಯಲ್ಲಿ ಬೇರೆ ಯಾರೂ ಕೂತಿಲ್ಲ; ಕೂರಲು ಆಗುವುದೂ ಇಲ್ಲ.