ಹುಣಸೆ ನೆಟ್ಟ ಬೀದಿ

ನಾನು ನೆಡಿಸಿದ ಮರಗಳ ಕೆಳಗೆ ನಾನು ನಿಲ್ಲುವುದಿಲ್ಲ. ಬಿಸಿಲಿದ್ದರೆ ಕೊಡೆ ಬಿಚ್ಚಿಕೊಂಡು ರಸ್ತೆಯ ನಡುವೆಯೇ ನಡೆಯುತ್ತೇನೆ. ಸಾಲುಮರ ನೆಡಿಸುವುದೇ ಕೆಲಸವಾದವನ ಈ ನಡಿಗೆ ಕಂಡು ಜನ ನಗುತ್ತಾರೆ; ನಗುವಂಥದ್ದೇ.

ಯಾವ ಬೀದಿಗೆ ಯಾವ ಮರ ಎಂಬುದರಲ್ಲಿ ನಾನು ಪಂಡಿತನೆಂದುಕೊಂಡಿದ್ದೆ. ಆಲಕ್ಕೆ ಅಗಲವಾದ ಜಾಗ ಬೇಕು, ಇಲ್ಲದಿದ್ದರೆ ಬೇರು ಗೋಡೆ ಸೀಳುತ್ತದೆ. ನೇರಳೆ ತೇವ ಬೇಡುತ್ತದೆ. ಚಳ್ಳಕೆರೆಯಲ್ಲಿ ಬೇವು ಚೆನ್ನಾಗಿ ಹಿಡಿಯಿತು. ಕಲ್ಲುನೆಲದ ಮೊಳಕಾಲ್ಮೂರಿಗೆ ಹುಣಸೆಯೇ ಸರಿ ಎಂದು ತೀರ್ಮಾನಿಸಿದೆ. ನೆಲ ಕೆದಕಿ ನೋಡಿದ್ದೆ, ನೀರು ವಿಚಾರಿಸಿದ್ದೆ. ಬೀದಿಯಲ್ಲಿ ಜನ ಏನು ಮಾಡುತ್ತಾರೆಂದು ಮಾತ್ರ ನೋಡಿರಲಿಲ್ಲ.

ಅದು ರೇಷ್ಮೆ ಸೀರೆ ನೇಯುವವರ ಬೀದಿ. ಸೀರೆಯ ಉದ್ದದ ಎಳೆಗಳನ್ನು, ಅಂದರೆ ಹಾಸನ್ನು, ಅವರು ಬೀದಿಯುದ್ದಕ್ಕೂ ಎಳೆದು ಕಟ್ಟಿ ಹದ ಮಾಡುತ್ತಾರೆ. ಮೊದಲ ಸಸಿ ಇಳಿಸಿದ್ದು ಈರಣ್ಣ ಎಂಬ ನೇಕಾರನ ಬಾಗಿಲೆದುರು. "ಏನ್ ಸ್ವಾಮೀ, ಗಿಡಕ್ಕಿಂತ ನಿಮ್ಮ ಕೊಡೇದೇ ನೆರಳು ಜಾಸ್ತಿ ಐತಲ್ರಿ!" ಎಂದು ಅವನು ತಮಾಷೆ ಮಾಡಿದ. ಅವನ ತಾಯಿ ಓಬಮ್ಮ ಸಸಿ ನೋಡಿ ಕೈ ಅಲ್ಲಾಡಿಸಿದಳು. "ಚಿಂತ ಬ್ಯಾಡ ಸ್ವಾಮೀ, ಬ್ಯಾಡ."

ಧೈರ್ಯ ಹೇಳುತ್ತಿದ್ದಾಳೆಂದುಕೊಂಡು ನಾನು ಕೈಮುಗಿದೆ.

ವರ್ಷಗಳು ಕಳೆದು ಮರಗಳು ಬೀದಿಗೆ ಬಾಗಿದವು. ಒಂದು ಮಳೆಯ ಮರುದಿನ ಈರಣ್ಣ ನನ್ನನ್ನು ಕರೆದು ಹಾಸು ತೋರಿಸಿದ. ಕೆಂಪು ರೇಷ್ಮೆಯ ಮೇಲೆ ಅಲ್ಲಲ್ಲಿ ಮಾಸಲು ಕಲೆ. ಎಳೆಗಳಿಗೆ ಅಂಟಿದ ಪುಡಿಯೆಲೆ. ಎಲೆಯ ಹುಳಿಯೋ, ತೊಟ್ಟಿಕ್ಕಿದ ನೀರೋ, ನಾನು ಹೇಳಲಾರೆ. ಕಲೆ ಕಂಡದ್ದು ನಿಜ.

"ಅವ್ವ ಅವತ್ತೇ ಬ್ಯಾಡ ಅಂದ್ಲಲ್ರಿ."

"ಚಿಂತೆ ಬೇಡ ಅಂದರಪ್ಪ."

ಅವನು ನಕ್ಕುಬಿಟ್ಟ. "ಅಯ್ಯೋ ಸ್ವಾಮೀ, ನಮ್ಮನ್ಯಾಗೆ ತೆಲುಗು. ಹುಣಸೆಗೇ ಚಿಂತ ಅಂತೀವಿ! ಹೋಗ್ಲಿ, ಈ ಎರಡು ಮರ ತೆಗೆಸಿಕೊಡ್ರಿ. ಹಾಸು ಎಳೆಯೋಕೆ ಜಾಗ ಇಲ್ದಂಗಾಗೈತೆ."

ನೆಟ್ಟ ಮರ ಕಡಿಯಲು ಮೇಲಿನವರ ಅಪ್ಪಣೆ ಬೇಕು, ಬರೆಯುತ್ತೇನೆ ಎಂದೆ. ಬರೆದದ್ದು ಎರಡು ತಿಂಗಳ ಮೇಲೆ. ನನ್ನ ತಪ್ಪನ್ನು ನಾನೇ ಬರೆಯಲು ಒಳ್ಳೆಯ ವಾಕ್ಯ ಹುಡುಕುತ್ತಿದ್ದೆ.

ಅಷ್ಟರಲ್ಲಿ ಈರಣ್ಣ ಊರಾಚೆ ರಾಂಪುರದ ದಾರಿಯಲ್ಲಿ ಹಾಸು ಕಟ್ಟತೊಡಗಿದ್ದ. ಒಂದು ಬೆಳಿಗ್ಗೆ ನಾನು ಅದೇ ದಾರಿಯಲ್ಲಿ ಬರುತ್ತಿದ್ದೆ. ಹೊಳೆಯುವ ರೇಷ್ಮೆ ಕಂಡು ಬೆದರಿದ ಯಾರದೋ ಎತ್ತುಗಳು ಗಾಡಿಯನ್ನೆಳೆದುಕೊಂಡು ಅಡ್ಡ ನುಗ್ಗಿದವು. ಅವನಿಗೆ ಪಕ್ಕಕ್ಕೆ ಸರಿಯಲು ಸಮಯವಿತ್ತು. ಇದನ್ನು ನಾನು ಚೆನ್ನಾಗಿ ನೋಡಿದ್ದೇನೆ. ಅವನು ಸರಿಯಲಿಲ್ಲ. ಎಳೆಗಳನ್ನು ಬಿಚ್ಚಲು ಗೂಟದ ಕಡೆಗೆ ಓಡಿದ. ಗಾಡಿಯ ಚಕ್ರ ಎದೆಯ ಮೇಲೆ ಹಾಯಿತು. ನಾನು ಅವನ ತಲೆ ಎತ್ತಿ ಹಿಡಿದಾಗ ಉಸಿರಿರಲಿಲ್ಲ.

ತಿಂಗಳ ನಂತರ ಅಪ್ಪಣೆ ಬಂತು. ನಿಂತು ಎರಡೂ ಮರ ಕಡಿಸಿದೆ. ಈರಣ್ಣನ ಹೆಂಡತಿ ಈಗ ಅದೇ ಬೀದಿಯಲ್ಲಿ ಹಾಸು ಎಳೆಯುತ್ತಾಳೆ.

ಮರ ಉರುಳಿದ ದಿನ ಓಬಮ್ಮ ಹೊರಗೆ ಬಂದಳು. ಬೈದರೆ ಕೇಳಿಸಿಕೊಳ್ಳಲು ಸಿದ್ಧನಾಗಿ ನಿಂತೆ. ಅವಳು ಬಿದ್ದ ಕೊಂಬೆಯ ಬಳಿ ಕುಳಿತು ಚಿಗುರು ಬಿಡಿಸಿ ಮಡಿಲಿಗೆ ಹಾಕಿಕೊಳ್ಳತೊಡಗಿದಳು. ನನ್ನ ಹೆಗಲವಸ್ತ್ರಕ್ಕೂ ಎರಡು ಹಿಡಿ ಸುರಿದಳು.

"ಎಳೇದೈತೆ. ಬ್ಯಾಳಿಗೆ ಹಾಕ್ಸಿ ಉಣ್ರಿ."

ಮನೆಯಲ್ಲಿ ಹಾಗೇ ಮಾಡಿಸಿದೆ. ತಟ್ಟೆಯಲ್ಲಿ ಒಂದೆಲೆ ಉಳಿಸದೆ ಉಂಡೆ; ಬೇಡವೆನ್ನುವ ಹಕ್ಕು ನನಗಿರಲಿಲ್ಲ.