ಯಾರೂ ಕೇಳದ ನಾನೂರ ಹನ್ನೆರಡು ಪುಸ್ತಕಗಳು

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಮೂರನೇ ಮಹಡಿಯ ಈ ಕೋಣೆಯಲ್ಲಿ ಇರುವುದು ಒಂದು ಮೇಜು, ಒಂದು ಹಳೆಯ ಕಂಪ್ಯೂಟರು, ಕಿಟಕಿ ಪಕ್ಕ ಒಂದು ಫ್ಲಾಸ್ಕು. ಕೆಳಗೆ ರಸ್ತೆ ಗುಡಿಸುವವರ ಪೊರಕೆಯ ಸದ್ದು ಬಿಟ್ಟರೆ ಬೇರೆ ಗದ್ದಲವಿಲ್ಲ. ಐವತ್ತಮೂರು ವರ್ಷದ ಹೆಂಗಸೊಬ್ಬರು ಗೆರೆ ಎಳೆದ ನೋಟ್‌ಬುಕ್ಕಿನಲ್ಲಿ ನೀಲಿ ಪೆನ್ನಿನಿಂದ ಒಂದು ಸಾಲು ಬರೆಯುತ್ತಾರೆ. ಬರೆದದ್ದನ್ನು ಬೆರಳಿಟ್ಟು ಓದುತ್ತಾರೆ. ಅದೇ ಸಾಲನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಇನ್ನೊಮ್ಮೆ ಓದುತ್ತಾರೆ. ಎಲ್ಲ ಆದ ಮೇಲೆ ಎಂಟರ್.

"ಹಳೇದನ್ನ ನಿಲ್ಲಿಸ್ದೆ," ಅನ್ನುತ್ತಾರೆ. "ಐದೂವರೆ ಒಳಗೆ ಹೊಸದು ಎದ್ದು ಕೂತಿರ್ಬೇಕು. ಇಲ್ಲಾಂದ್ರೆ ಕುರ್ಚಿಯಣ್ಣ ನನ್ನನ್ನ ಸುಮ್ನೆ ಬಿಡ್ತಾರಾ?"

ಕುರ್ಚಿಯಣ್ಣ ಎಂದರೆ ಊರಿನ ಇನ್ನೊಂದು ತುದಿಯಲ್ಲಿ ಬೆತ್ತದ ಕುರ್ಚಿ ಹೆಣೆಯುವವರು. ಕಣ್ಣು ಕಾಣುವುದಿಲ್ಲ. ದಿನಾ ಬೆಳಿಗ್ಗೆ ಐದೂವರೆಗೆ ಸರಿಯಾಗಿ ಈ ಧ್ವನಿ ಗ್ರಂಥಾಲಯಕ್ಕೆ ಫೋನ್ ಮಾಡಿ, ಹಿಂದಿನ ದಿನ ನಿಲ್ಲಿಸಿದ ಕಡೆಯಿಂದ ಪುಸ್ತಕ ಕೇಳುತ್ತಾ ಕೆಲಸ ಶುರು ಮಾಡುತ್ತಾರೆ. ಹೀಗೆ ಫೋನ್ ಮಾಡುವವರು ದಿನಕ್ಕೆ ಮುನ್ನೂರ ನಲವತ್ತು ಮಂದಿ: ಕಣ್ಣು ಕಾಣದವರು, ದೃಷ್ಟಿ ಮಂಜಾದವರು, ಹಾಸಿಗೆ ಹಿಡಿದವರು. ಅವರಿಗಾಗಿ ಊರಿನ ಜನ ತಮ್ಮ ಬಿಡುವಿನಲ್ಲಿ ಬಂದು ಗಟ್ಟಿಯಾಗಿ ಓದಿ ಧ್ವನಿಮುದ್ರಿಸಿದ ಆರು ಸಾವಿರದ ಇನ್ನೂರು ಪುಸ್ತಕಗಳಿವೆ. ಅಷ್ಟೂ ಪುಸ್ತಕಗಳು ಇರುವುದು ಈ ಕಟ್ಟಡದಲ್ಲಲ್ಲ. ಎಲ್ಲೋ ದೂರದಲ್ಲಿ ಒಂದು ಕಂಪನಿಯ ದೈತ್ಯ ಯಂತ್ರದೊಳಗೆ ಬಾಡಿಗೆಗೆ ಹಿಡಿದ ಒಂದು ಪಾಲಿನಲ್ಲಿ. ಅದನ್ನೇ ಸರ್ವರ್ ಎನ್ನುತ್ತಾರೆ. ಅದರೊಳಗೆ ಓಡುವುದು ಲಿನಕ್ಸ್ ಎಂಬ ತಂತ್ರಾಂಶ, ಟೈಪ್ ಮಾಡಿದ ಆಜ್ಞೆಗಳಿಂದ ನಡೆಯುವಂಥದ್ದು. ಅದನ್ನು ಹದಿನಾರು ವರ್ಷದಿಂದ ಒಬ್ಬರೇ ನೋಡಿಕೊಳ್ಳುತ್ತಿರುವವರು ಇವರು. ಕಚೇರಿಯಲ್ಲಿ ಎಲ್ಲರೂ ಕರೆಯುವುದು ನೋಟ್‌ಬುಕ್ ಅಕ್ಕ ಎಂದು.

ಆ ಕಂಪನಿ ಅಂಗಡಿ ಮುಚ್ಚುತ್ತಿದೆ. ಒಂದು ತಿಂಗಳ ಗಡುವು ಕೊಟ್ಟಿತ್ತು, ಅದು ಇವತ್ತು ಸಂಜೆ ಆರಕ್ಕೆ ಮುಗಿಯುತ್ತದೆ. ಆಮೇಲೆ ಅಲ್ಲಿ ಉಳಿದದ್ದೆಲ್ಲ ಅಳಿಸಿ ಹೋಗುತ್ತದೆ. ಬೇರೆ ಕಂಪನಿಯಲ್ಲಿ ಜಾಗ ಹಿಡಿದು, ಗಂಟುಮೂಟೆ ಕಟ್ಟಿ, ಕೇಳುಗರಿಗೆ ಗೊತ್ತೇ ಆಗದಂತೆ ಇಡೀ ಗ್ರಂಥಾಲಯವನ್ನು ಸಾಗಿಸಬೇಕು.

"ಸರ್ವರ್ ಬದಲಾಯಿಸೋದರಲ್ಲಿ ಬರೆಯೋಂಥದ್ದು ಏನಿದೆಯಯ್ಯಾ" ಎಂದು ಪತ್ರಿಕೆಯ ಗೆಳೆಯರೊಬ್ಬರು ನನ್ನನ್ನು ಕೇಳಿದರು. ಈ ಅಕ್ಕನನ್ನು ಕಾಣುವ ಮೊದಲು ನಾನೂ ಹಾಗೆಯೇ ಕೇಳುತ್ತಿದ್ದೆ. ಈಗ ಆ ಪ್ರಶ್ನೆಗೆ ನನಗೆ ಸಿಟ್ಟು ಬರುತ್ತದೆ.

ಅಕ್ಕ ಇಲ್ಲಿಗೆ ಸೇರಿದ್ದು ಕ್ಯಾಸೆಟ್ ನಕಲು ಮಾಡುವ ಕೆಲಸಕ್ಕೆ. ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ, ದಿನಕ್ಕೆ ನಲವತ್ತು. ಕ್ಯಾಸೆಟ್ಟಿನ ಕಾಲ ಮುಗಿದಾಗ ಜೊತೆಗಿದ್ದ ಐವರನ್ನು ಮನೆಗೆ ಕಳಿಸಿದರು. ಸರ್ವರ್ ಕೂರಿಸಲು ಬಂದ ತಂತ್ರಜ್ಞ ಬಿಟ್ಟುಹೋದ ಅರವತ್ತು ಪುಟದ ಕೈಪಿಡಿಯನ್ನು ಅಕ್ಕ ಮನೆಗೆ ಒಯ್ದರು, ನಿಘಂಟು ಪಕ್ಕದಲ್ಲಿಟ್ಟುಕೊಂಡು ಆರು ತಿಂಗಳು ಓದಿದರು. "ಕಲ್ತಿದ್ದು ಆಸೆಯಿಂದ ಅಲ್ಲ, ಹಠದಿಂದ. ನನ್ನನ್ನೂ ಕಳಿಸ್ತಾರಾ ನೋಡೇಬಿಡೋಣ ಅಂತ." ಜೊತೆಯಲ್ಲಿರುವ ಅತ್ತೆಗೆ ಈಗ ಎಂಬತ್ತೊಂದು. "ಸೊಸೆ ನಮ್ಮನೇಲಿ ಎದ್ದ ತಕ್ಷಣ ಮೊದಲು ಯಾರ ಮುಖ ನೋಡ್ತಾಳೆ ಗೊತ್ತಾ? ನಂದಲ್ಲ, ನನ್ನ ಮಗಂದೂ ಅಲ್ಲ. ಆ ಸರ್ವರ್‌ದು. ರಾತ್ರಿ ಜ್ವರ ಬಂದ ಮಗೂನ ಮುಟ್ಟಿ ನೋಡೋ ಹಾಗೆ ನೋಡ್ತಾಳೆ," ಎಂದು ಅವರು ನಗುತ್ತಾರೆ.

ಹಾಗಾದರೆ ಈ ನೋಟ್‌ಬುಕ್ ಯಾಕೆ?

ಹದಿನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ಪರದೆಯ ಮೇಲೆ ಎರಡು ಕಿಟಕಿ ತೆರೆದಿದ್ದರಂತೆ. ಒಂದು ಪರೀಕ್ಷೆಗೆಂದು ಇಟ್ಟುಕೊಂಡ ಯಂತ್ರ, ಇನ್ನೊಂದು ಅಸಲಿ. ಎರಡೂ ಕಪ್ಪು, ಎರಡರಲ್ಲೂ ಬಿಳಿ ಅಕ್ಷರ. ಪರೀಕ್ಷೆಯ ಯಂತ್ರದಲ್ಲಿ ಕೊಡಬೇಕಿದ್ದ ಅಳಿಸುವ ಆಜ್ಞೆಯನ್ನು ಆತುರದಲ್ಲಿ ಅಸಲಿಯಲ್ಲಿ ಕೊಟ್ಟರು. ನಿವೃತ್ತ ನರ್ಸಮ್ಮ ಒಬ್ಬರು ಎರಡು ವರ್ಷ ಕೂತು ಓದಿದ್ದ ಹದಿನೇಳು ಪುಸ್ತಕಗಳು ಹೋದವು. ಬೇರೆ ಪ್ರತಿ ಇರಲಿಲ್ಲ.

"ಅವರ ಮನೆಗೆ ಹೋಗಿ ಬಾಗಿಲಲ್ಲೇ ಅತ್ತುಬಿಟ್ಟೆ. ಅವರು ಒಳಗೆ ಕರ್ದು ಕೂರ್ಸಿ, 'ಅಳ್ಬೇಡ ಕಣಮ್ಮ, ನಂಗೂ ಕಥೆಗಳೆಲ್ಲ ಮರೆತುಹೋಗಿತ್ತು, ಇನ್ನೊಂದ್ಸಲ ಓದ್ದಂಗಾಯ್ತು' ಅಂದ್ರು. ಎಪ್ಪತ್ತೆರಡು ವರ್ಷ ಆಗಿತ್ತು ಅವರಿಗೆ. ಹದಿನೇಳನ್ನೂ ಮೊದಲಿಂದ ಓದಿದ್ರು. ಮುಗಿಸಿದ ಮಾರನೇ ವರ್ಷ ತೀರಿಕೊಂಡ್ರು." ಅಂದಿನಿಂದ ಕೈಯಲ್ಲಿ ಬರೆಯದ ಆಜ್ಞೆಯನ್ನು ಅಕ್ಕ ಟೈಪ್ ಮಾಡಿಲ್ಲ. ಕಪಾಟಿನಲ್ಲಿ ತುಂಬಿದ ನೋಟ್‌ಬುಕ್ಕುಗಳು ಮೂವತ್ತೊಂದು.

ಈಗ ಜಗಳದ ವಿಷಯಕ್ಕೆ ಬರೋಣ. ಗಡುವಿನ ಪತ್ರ ಬಂದ ವಾರವೇ ಗ್ರಂಥಾಲಯದ ಕಾರ್ಯದರ್ಶಿ ಒಂದು ಪಟ್ಟಿ ತಯಾರಿಸಿದರು. ಅವರೇನು ಕೆಟ್ಟವರಲ್ಲ, ಅಚ್ಚುಕಟ್ಟಿನ ಮನುಷ್ಯ. ಕಳೆದ ಮೂರು ವರ್ಷದಲ್ಲಿ ಯಾರೂ ಕೇಳದ ಪುಸ್ತಕಗಳ ಪಟ್ಟಿ ಅದು: ಎರಡು ಸಾವಿರದ ಮುನ್ನೂರ ಹದಿನೇಳು. ಹೊಸ ಕಡೆ ಹಿಡಿದ ಜಾಗ ಚಿಕ್ಕದು, ಆದ್ದರಿಂದ ಇವನ್ನು ಬಿಟ್ಟು ಹೋಗೋಣ ಎಂದರು. ನರ್ಸಮ್ಮನ ಹದಿನೇಳೂ ಆ ಪಟ್ಟಿಯಲ್ಲಿದ್ದವು.

"ಒಂದ್ಸಲ ನನ್ನ ಕೈಯಾರೆ ಅಳಿಸಿದೀನಿ. ಎರಡನೇ ಸಲ ಇನ್ನೊಬ್ಬರ ಪಟ್ಟಿ ನೋಡ್ಕೊಂಡು ಅಳಿಸ್ಲಾ? ಆಗಲ್ಲ ಸರ್ ಅಂದೆ. ಜಾಗ ಎಲ್ಲಿದೆ ಅಂದ್ರು. ನಾನು ಮಾಡಿಕೊಡ್ತೀನಿ ಅಂದೆ."

ಹೇಳಿದ್ದೇನೋ ಹೇಳಿಬಿಟ್ಟರು. ಜಾಗ ಆಕಾಶದಿಂದ ಉದುರುತ್ತದೆಯೇ? ಮನೆ ಖಾಲಿ ಮಾಡುವವರು ಅಟ್ಟ ಹತ್ತುವ ಹಾಗೆ ಅಕ್ಕ ಸರ್ವರಿನ ಮೂಲೆ ಮೂಲೆ ಜಾಲಾಡಲು ಕೂತರು. ಒಂದೇ ಪುಸ್ತಕದ ಮೂರು ಮೂರು ಪ್ರತಿಗಳು, ಹತ್ತು ವರ್ಷದ ಹಿಂದಿನ ತಾತ್ಕಾಲಿಕ ಕಡತಗಳು, ಯಾರಿಗೂ ಬೇಡದ ಹಳೆಯ ದಾಖಲೆಗಳು. ಒಂದೊಂದನ್ನೇ ನೋಟ್‌ಬುಕ್ಕಿನಲ್ಲಿ ಬರೆದು ತೆಗೆಯುತ್ತಾ ಹೋದರು. ಒಂಬತ್ತನೇ ದಿನ ಒಂದು ಭಾರೀ ಗಾತ್ರದ ಕೋಶ, ಅಂದರೆ ಫೋಲ್ಡರು, ಸಿಕ್ಕಿತು. ಫೋನ್ ವ್ಯವಸ್ಥೆ ಕೂರಿಸಿದವರು ಯಾವುದೋ ಕಾಲದಲ್ಲಿ ಮಾಡಿಟ್ಟದ್ದು, ಅಕ್ಕ ಅದರೊಳಗೆ ಎಂದೂ ಇಣುಕಿರಲಿಲ್ಲ. ಅದನ್ನೂ ಅಳಿಸಲೆಂದು ಹೆಸರು ಬರೆಯತೊಡಗಿದರು. ನೇರ ಟೈಪ್ ಮಾಡುವವರಾಗಿದ್ದರೆ ಮೂರು ಅಕ್ಷರ ಒತ್ತಿ ಮುಗಿಸುತ್ತಿದ್ದರು, ಉಳಿದ ಹೆಸರನ್ನು ಯಂತ್ರವೇ ತುಂಬಿಕೊಳ್ಳುತ್ತದೆ. ಪೂರ್ತಿ ಹೆಸರನ್ನು ಕೈಯಲ್ಲಿ ಬರೆಯುವಾಗ ಅಕ್ಕನ ಪೆನ್ನು ಅರ್ಧಕ್ಕೆ ನಿಂತಿತು.

ಅದು ಫೋನಿನಲ್ಲಿ ಯಾವ ದಿನ ಯಾವ ಪುಸ್ತಕ ಕೇಳಲಾಯಿತು ಎಂಬುದರ ದಾಖಲೆ. ಕಾರ್ಯದರ್ಶಿಯ ಪಟ್ಟಿ ತಯಾರಾದದ್ದು ಗ್ರಂಥಾಲಯದ ವೆಬ್‌ಸೈಟಿನಲ್ಲಿ ಕೇಳಿದವರ ಎಣಿಕೆಯಿಂದ ಮಾತ್ರ. ಸ್ವಾಮಿ, ಕುರ್ಚಿಯಣ್ಣನಂಥವರು ವೆಬ್‌ಸೈಟಿಗೆ ಯಾವತ್ತು ಹೋಗಿದ್ದಾರೆ? ದಿನಕ್ಕೆ ಮುನ್ನೂರ ನಲವತ್ತು ಮಂದಿ ಕೇಳುತ್ತಿದ್ದರೂ ಆ ಪಟ್ಟಿಯ ಪಾಲಿಗೆ ಅವರು ಇರಲೇ ಇಲ್ಲ.

ಅಕ್ಕ ಎರಡನ್ನೂ ತಾಳೆ ನೋಡಿದರು. "ಯಾರೂ ಕೇಳದ" ಪುಸ್ತಕಗಳಲ್ಲಿ ಸಾವಿರದ ಒಂಬೈನೂರ ಐದನ್ನು ಜನ ಫೋನಿನಲ್ಲಿ ಕೇಳಿದ್ದರು. ನರ್ಸಮ್ಮನ ಹದಿನೇಳರಲ್ಲಿ ಹದಿನೈದಕ್ಕೆ ಕೇಳುಗರಿದ್ದರು. ನೋಟ್‌ಬುಕ್ ಕಂಕುಳಲ್ಲಿಟ್ಟುಕೊಂಡು ಅಕ್ಕ ನೇರ ಕಾರ್ಯದರ್ಶಿಯ ಕೋಣೆಗೆ ನುಗ್ಗಿದರು.

"ಅವರು ಒಪ್ಪಿಕೊಂಡ್ರು, ಸುಳ್ಳು ಯಾಕೆ ಹೇಳ್ಲಿ. ತಪ್ಪಾಯ್ತು ಅಂದ್ರು. ಆಮೇಲೆ ಕನ್ನಡಕ ಸರಿ ಮಾಡ್ಕೊಂಡು, 'ಆದ್ರೂ ಇನ್ನೂ ನಾನೂರ ಹನ್ನೆರಡು ಉಳೀತಲ್ಲ, ಅವನ್ನ ನಿಜವಾಗ್ಲೂ ಯಾರೂ ಕೇಳಿಲ್ಲ' ಅಂದ್ರು. ಅವೂ ಬರ್ತಾವೆ ಸರ್ ಅಂದೆ. ಯಾಕೆ ಅಂದ್ರು. ಓದಿದವರು ಬಾಯಿ ಒಣಗಿಸ್ಕೊಂಡು ಓದಿದಾರಲ್ಲ ಸರ್, ಅದಕ್ಕೆ ಅಂದೆ. ಕೆಲಸ ಕೆಟ್ರೆ ಜವಾಬ್ದಾರಿ ಯಾರದು ಅಂದ್ರು. ಅವರ ಪೆನ್ನೇ ಇಸ್ಕೊಂಡು ನನ್ನ ಹೆಸರು ಬರೆದು ಸಹಿ ಹಾಕಿ ಕೊಟ್ಟೆ."

ಅಂದರೆ ಇವತ್ತು ಫೋನ್ ಏಳದಿದ್ದರೆ ಅಕ್ಕನ ಕೆಲಸ ಹೋಗುತ್ತದೆ, ನಾನೂರ ಹನ್ನೆರಡು ಪುಸ್ತಕಗಳ ಪರ ಮಾತಾಡುವವರೂ ಇರುವುದಿಲ್ಲ. ಅಕ್ಕ ಗುಡಿಸಿ ಮಾಡಿದ ಜಾಗದಲ್ಲಿ ಆರು ಸಾವಿರದ ಇನ್ನೂರೂ ಹಿಡಿಸಿವೆ. ನಕಲು ಮಾಡುವುದಕ್ಕೇ ಹನ್ನೊಂದು ದಿನ ಹಿಡಿದಿದೆ. ವೆಬ್‌ಸೈಟನ್ನು ಮೊದಲೇ ಪರೀಕ್ಷಿಸಿ ನೋಡಿದ್ದಾಗಿದೆ. ಫೋನ್ ಲೈನನ್ನು ಮಾತ್ರ ಕೊನೆಯ ಗಳಿಗೆಯಲ್ಲೇ ಹೊಸ ಯಂತ್ರದ ಕಡೆ ತಿರುಗಿಸಬೇಕು.

ಐದು ಹದಿನೆಂಟಕ್ಕೆ ತಿರುಗಿಸುತ್ತಾರೆ. ತಮ್ಮ ಮೊಬೈಲಿನಿಂದ ಕರೆ ಮಾಡಿ ಸ್ಪೀಕರಿಗೆ ಹಾಕುತ್ತಾರೆ. ಸ್ವಾಗತದ ಮಾತು ಬರುತ್ತದೆ. ಪುಸ್ತಕದ ಸಂಖ್ಯೆ ಒತ್ತುತ್ತಾರೆ. ಬರೀ ಮೌನ. ಇನ್ನೊಂದು ಪುಸ್ತಕ ಒತ್ತುತ್ತಾರೆ. ಅದೂ ಮೌನ. ನಾನು ಗಡಿಯಾರ ನೋಡುತ್ತೇನೆ. ಅಕ್ಕ ಮಾತ್ರ ಪರದೆಯ ಮೇಲಿನ ಸಾಲುಗಳನ್ನು ಒಂದೊಂದಾಗಿ ಓದುತ್ತಾರೆ.

"ಅಯ್ಯೋ, ಇಷ್ಟೇನಾ! ಬೀರು ಬಂದಿದೆ, ಬೀಗದಕೈ ಬೇರೆಯವರ ಹತ್ರ ಇದೆ." ಲಿನಕ್ಸಿನಲ್ಲಿ ಪ್ರತಿ ಕಡತಕ್ಕೂ ಒಬ್ಬ ಒಡೆಯ, ಆ ಒಡೆಯನಿಗೊಂದು ಸಂಖ್ಯೆ. ಹಳೆಯ ಯಂತ್ರದಲ್ಲಿ ಫೋನ್ ವ್ಯವಸ್ಥೆಗಿದ್ದ ಸಂಖ್ಯೆ ಹೊಸದರಲ್ಲಿ ಇನ್ಯಾರದೋ ಆಗಿದೆ. ಪುಸ್ತಕಗಳೆಲ್ಲ ಸುರಕ್ಷಿತವಾಗಿವೆ, ತೆರೆಯುವ ಅಧಿಕಾರ ಮಾತ್ರ ಫೋನಿಗಿಲ್ಲ. ಒಂದು ಸಾಲಿನ ಆಜ್ಞೆ ಸಾಕು. ಗಡಿಯಾರದಲ್ಲಿ ಐದು ಇಪ್ಪತ್ತಮೂರು. ಅಕ್ಕ ನೋಟ್‌ಬುಕ್ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆಯುತ್ತಾರೆ.

ನನಗೆ ತಡೆಯಲಾಗುವುದಿಲ್ಲ. ಇವತ್ತೊಂದು ದಿನ ನೇರ ಟೈಪ್ ಮಾಡಬಾರದೇ ಎನ್ನುತ್ತೇನೆ.

"ಆತುರದಲ್ಲಿ ಅಳಿಸಿದವಳು ನಾನೇ ತಾನೆ?" ಎಂದು ತಲೆ ಎತ್ತದೆ ಬರೆಯುತ್ತಾರೆ. ಬೆರಳಿಟ್ಟು ಓದುತ್ತಾರೆ. ಟೈಪ್ ಮಾಡಿ, ಕೈ ಮಡಿಲಲ್ಲಿಟ್ಟು, ಮತ್ತೆ ಓದುತ್ತಾರೆ. ಎಂಟರ್. ಮೊಬೈಲಿನಲ್ಲಿ ಯಾರೋ ಒಬ್ಬ ಗಂಡಸು ಮೂರನೇ ಅಧ್ಯಾಯ ಓದಲು ಶುರು ಮಾಡುತ್ತಾನೆ. ಐದು ಇಪ್ಪತ್ತೇಳು.

ಐದೂವರೆಗೆ ಪರದೆಯ ಮೇಲೆ ಒಂದು ಹೊಸ ಸಾಲು ಮೂಡುತ್ತದೆ. ಕುರ್ಚಿಯಣ್ಣ. ನಿನ್ನೆ ನಿಲ್ಲಿಸಿದ ಕಡೆಯಿಂದಲೇ ಅವರ ಪುಸ್ತಕ ಮುಂದುವರಿಯುತ್ತದೆ. ಅವರಿಗೆ ಏನೂ ಗೊತ್ತಾಗಿಲ್ಲ. ಅಕ್ಕ ಫ್ಲಾಸ್ಕಿನಿಂದ ನನಗೂ ಒಂದು ಲೋಟ ಚಹಾ ಬಗ್ಗಿಸುತ್ತಾರೆ.

ಹದಿನೆಂಟು ದಿನ ಬಿಟ್ಟು ನಾನು ಮತ್ತೆ ಆ ಕೋಣೆಗೆ ಹೋಗುತ್ತೇನೆ. ಬೆಳಿಗ್ಗೆ ಆರು ಗಂಟೆ. ಅಕ್ಕನ ಮೊಬೈಲ್ ಮೇಜಿನ ಮೇಲಿದೆ, ವಯಸ್ಸಾದ ಹೆಣ್ಣುದನಿಯೊಂದು ನಿಧಾನವಾಗಿ ಓದುತ್ತಿದೆ. ನಡುವೆ ಕೆಮ್ಮುತ್ತದೆ, "ತಡೀರಿ, ಒಂದು ಗುಟುಕು ನೀರು ಕುಡೀತೀನಿ" ಎನ್ನುತ್ತದೆ, ಮತ್ತೆ ಓದುತ್ತದೆ. ನರ್ಸಮ್ಮ. ಯಾರೂ ಕೇಳದೆ ಉಳಿದಿದ್ದ ಅವರ ಎರಡು ಪುಸ್ತಕಗಳಲ್ಲಿ ಇದು ಎರಡನೆಯದು.

ಪಕ್ಕದಲ್ಲಿ ಮೂವತ್ತೆರಡನೇ ನೋಟ್‌ಬುಕ್. ಅದರಲ್ಲಿ ನಾನೂರ ಹನ್ನೆರಡು ಹೆಸರುಗಳು ಸಾಲಾಗಿವೆ, ಐದರ ಮುಂದೆ ಟಿಕ್ ಬಿದ್ದಿದೆ. ದಿನಕ್ಕೆ ಎರಡು ಗಂಟೆ ಕೇಳುತ್ತಾರಂತೆ. ಪೂರ್ತಿ ಕೇಳಿದರೆ ಮಾತ್ರ ಟಿಕ್. ಅದೂ ಗ್ರಂಥಾಲಯದ ನಂಬರಿಗೆ ಫೋನ್ ಮಾಡಿಯೇ.

"ನಮ್ಮೋರ ಯಾವ ಫೋನ್ ಲೆಕ್ಕಾನ ಬಿಟ್ಟಿದ್ರೋ ಆ ಲೆಕ್ಕಕ್ಕೇ ಇದೂ ಸೇರ್ಲಿ," ಎನ್ನುತ್ತಾರೆ. "ನಂಗೆ ರಿಟೈರ್ ಆಗೋಕೆ ಇನ್ನೂ ಐದು ವರ್ಷ ಇದೆ. ಅಷ್ಟರಲ್ಲಿ ಮುಗಿಸ್ತೀನಿ. ಮುಂದೆ ಯಾರಾದ್ರೂ ಯಾರೂ ಕೇಳದ ಪುಸ್ತಕ ಅಂತ ಪಟ್ಟಿ ತೆಗೆದ್ರೆ, ಖಾಲಿ ಹಾಳೆ ಬರ್ಬೇಕು."