ಅಣ್ಣ ಬಿಟ್ಟ ಮಾತ್ರೆ

ನಮ್ಮ ಅಪ್ಪ ಹೋದದ್ದು ಎದೆನೋವಿನಿಂದ. ಚಿಕ್ಕಪ್ಪನೂ ಹಾಗೆಯೇ ಹೋದರು. ಆದ್ದರಿಂದ ಅಣ್ಣನಿಗೂ ನನಗೂ ಕೊಲೆಸ್ಟ್ರಾಲ್ ಜಾಸ್ತಿ ಇದೆ ಎಂದು ಡಾಕ್ಟರು ಹೇಳಿದಾಗ ನಮಗೆ ಆಶ್ಚರ್ಯವಾಗಲಿಲ್ಲ. ಇಬ್ಬರಿಗೂ ಒಂದೇ ಮಾತ್ರೆ ಬರೆದುಕೊಟ್ಟರು, ಸ್ಟ್ಯಾಟಿನ್ ಎಂಬ ಗುಂಪಿನದು. ದಿನಕ್ಕೊಂದು, ರಾತ್ರಿ ಊಟವಾದ ಮೇಲೆ. ಅಣ್ಣ ಒಂದಷ್ಟು ಕಾಲ ತೆಗೆದುಕೊಂಡು ಬಿಟ್ಟುಬಿಟ್ಟ. ನಾನು ಬಿಡಲಿಲ್ಲ. ಈಗ ಅಣ್ಣನಿಲ್ಲ.

ಇಷ್ಟರಲ್ಲೇ ಕತೆ ಮುಗಿಯಿತು ಎಂದು ನಾನೂ ಅಂದುಕೊಂಡಿದ್ದೆ. ಬಿಟ್ಟವನು ಸತ್ತ, ಬಿಡದವನು ಉಳಿದ ಎಂದು. ಹಾಗೆ ಅಂದುಕೊಂಡದ್ದರಿಂದಲೇ ನಾನೂ ಅವನ ಹಿಂದೆ ಹೋಗುವುದರಲ್ಲಿದ್ದೆ.

ನಮ್ಮದು ಮೂರೇ ಜನರ ಕುಟುಂಬ. ಅಣ್ಣ, ಅತ್ತಿಗೆ, ನಾನು. ಅವರಿಗೆ ಮಕ್ಕಳಾಗಲಿಲ್ಲ, ನಾನು ಮದುವೆಯಾಗಲಿಲ್ಲ. ಅಣ್ಣ ಭದ್ರಾವತಿಯಲ್ಲಿ ಕಾರ್ಖಾನೆ ಕೆಲಸ ಮುಗಿಸಿ ಅಲ್ಲಿಯ ಜನ್ನಾಪುರದಲ್ಲೇ ಉಳಿದಿದ್ದ. ನಾನು ಶಿವಮೊಗ್ಗದಲ್ಲಿ ಸವಳಂಗ ರಸ್ತೆಯ ಒಂದು ಅಡ್ಡ ಬೀದಿಯಲ್ಲಿ ಮಿಕ್ಸಿ, ಫ್ಯಾನು, ಇಸ್ತ್ರಿ ಪೆಟ್ಟಿಗೆ ರಿಪೇರಿ ಮಾಡುತ್ತೇನೆ. ಅಂಗಡಿಯ ಹಿಂದೆಯೇ ಒಂದು ಕೋಣೆ, ಅಡುಗೆಮನೆ. ಭಾನುವಾರ ಬಸ್ಸು ಹತ್ತಿ ಅಣ್ಣನ ಮನೆಗೆ ಊಟಕ್ಕೆ ಹೋಗುವುದು ನನ್ನ ಪದ್ಧತಿ.

ಅಂಥ ಒಂದು ಭಾನುವಾರವೇ ಅವನು ಮಾತ್ರೆ ಬಿಟ್ಟ ಸಂಗತಿ ತಿಳಿದದ್ದು. ಜಗುಲಿಯಲ್ಲಿ ಪಕ್ಕದ ಮನೆಯವರೂ ಕೂತಿದ್ದರು. ಅವರು ಅಣ್ಣನ ಜೊತೆ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದವರು, ಮನೆಮಾತು ತಮಿಳು, ಅಣ್ಣನನ್ನು ಯಾವಾಗಲೂ ಸಾಮಿ ಎಂದೇ ಕರೆಯುತ್ತಿದ್ದರು.

"ರಿಪೋರ್ಟ್ ನಾರ್ಮಲ್ ಬಂತು ಮಾರಾಯ," ಎಂದ ಅಣ್ಣ. "ಜ್ವರ ಬಿಟ್ಟ ಮೇಲೂ ಯಾರಾದ್ರೂ ಜ್ವರದ ಮಾತ್ರೆ ನುಂಗ್ತಾರಾ?"

"ಡಾಕ್ಟ್ರನ್ನ ಕೇಳಿದ್ಯಾ?"

"ಅವ್ರನ್ನ ಕೇಳಿದ್ರೆ ಬಿಡು ಅಂತಾರಾ?"

ಪಕ್ಕದ ಮನೆಯವರು ನಕ್ಕರು. "ಸಾಯೋವರ್ಗೂ ತಿನ್ನು ಅಂತಾರೆ ಸಾಮಿ. ಆಮೇಲೆ ಮೆಡಿಕಲ್ ಶಾಪ್‌ನೋರು ನಿಮ್ ತಿಥಿಗೆ ಬಂದು ವಡೆ ತಿಂದ್ಕೊಂಡು ಹೋಗ್ತಾರೆ."

ಅತ್ತಿಗೆ ಒಳಗಿನಿಂದ, "ತಿಥಿ ಮಾತು ಯಾಕ್ರೀ ಊಟದ ಹೊತ್ನಲ್ಲಿ," ಎಂದಳು. ಅಷ್ಟೇ. ಎಲ್ಲರೂ ಊಟಕ್ಕೆ ಎದ್ದೆವು.

ಅಣ್ಣ ಬಿದ್ದದ್ದು ಜನ್ನಾಪುರದ ಬಸ್ ನಿಲ್ದಾಣದಲ್ಲಿ, ಬೆಳಗಿನ ಹೊತ್ತು, ಪೇಟೆಗೆ ಹೋಗಲು ನಿಂತಿದ್ದಾಗ. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದ್ದು ಆ ಪಕ್ಕದ ಮನೆಯವರೇ. ನಾನು ಶಿವಮೊಗ್ಗದಿಂದ ತಲುಪುವಷ್ಟರಲ್ಲಿ ಮುಗಿದಿತ್ತು.

ಮಕ್ಕಳಿಲ್ಲದ ಕಾರಣ ಕರ್ಮಕ್ಕೆ ನಾನೇ ಕೂತೆ. ಕರ್ಮಕ್ಕೆ ಕೂತವನು ಹತ್ತು ದಿನ ಒಂದೇ ಹೊತ್ತು ಉಣ್ಣಬೇಕು, ಅದೂ ಮಧ್ಯಾಹ್ನ ಎಲ್ಲ ವಿಧಿ ಮುಗಿದ ಮೇಲೆ. ರಾತ್ರಿ ಏನೂ ಇಲ್ಲ. ನನ್ನ ಮಾತ್ರೆಯ ಸ್ಟ್ರಿಪ್ಪಿನ ಮೇಲೆ ಮೆಡಿಕಲ್ ಶಾಪಿನ ಹುಡುಗಿ ಪೆನ್ನಿನಲ್ಲಿ "ರಾತ್ರಿ ಊಟದ ನಂತರ" ಎಂದು ಬರೆದುಕೊಟ್ಟಿದ್ದಳು. ರಾತ್ರಿ ಊಟವಿಲ್ಲ, ಆದ್ದರಿಂದ ಮಾತ್ರೆಯೂ ಇಲ್ಲ ಎಂದು ನಾನು ತಿಳಿದುಕೊಂಡೆ. ಯೋಚಿಸಿ ಮಾಡಿದ್ದಲ್ಲ. ಆ ದಿನಗಳಲ್ಲಿ ಪುರೋಹಿತರು ಕೂರು ಎಂದರೆ ಕೂರುತ್ತಿದ್ದೆ, ಮುಳುಗು ಎಂದರೆ ಮುಳುಗುತ್ತಿದ್ದೆ. ಭದ್ರೆಯ ದಡದಲ್ಲಿ ಒದ್ದೆ ಪಂಚೆಯಲ್ಲಿ ಗಂಟೆಗಟ್ಟಲೆ ಕೂತು ಎದೆಯಲ್ಲಿ ಕಫ ಕಟ್ಟಿತು.

ಹದಿಮೂರನೆಯ ದಿನ, ವೈಕುಂಠ ಸಮಾರಾಧನೆಗೆ, ಪಕ್ಕದ ಮನೆಯವರನ್ನು ಊಟಕ್ಕೆ ಕರೆದೆವು. ಗೇಟಿನವರೆಗೆ ಬಂದರು. ಒಳಗೆ ಬರಲಿಲ್ಲ. ಅತ್ತಿಗೆ ಹೋಗಿ ಕೈಮುಗಿದು ಕರೆದಳು. "ಆಗಲ್ಲಮ್ಮಾ, ಅವತ್ತು ತಿಥಿ ಮಾತಾಡ್ದೋನು ನಾನು, ನನ್ ನಾಲಿಗೆ ಸರಿ ಇಲ್ಲ," ಎಂದು ಹಾಗೆಯೇ ತಿರುಗಿ ಹೋದರು.

ಶಿವಮೊಗ್ಗಕ್ಕೆ ವಾಪಸು ಬಂದು ಚೀಲ ಬಿಚ್ಚಿದಾಗ ಮಾತ್ರೆಯ ಸ್ಟ್ರಿಪ್ ಹಾಗೆಯೇ ಇತ್ತು. ಉಳಿದ ಮಾತ್ರೆಗಳನ್ನು ಎಣಿಸಿದೆ. ಅಣ್ಣ ಮಾಡಿದ್ದನ್ನೇ ನಾನೂ ಮಾಡಿದ್ದೆ. ಅವನು ಬೇಕೆಂದು ಬಿಟ್ಟ, ನಾನು ಅವನ ಕರ್ಮ ಮಾಡುತ್ತ ಬಿಟ್ಟೆ. ದೇಹಕ್ಕೆ ಆ ವ್ಯತ್ಯಾಸ ಎಲ್ಲಿ ಗೊತ್ತಾಗುತ್ತದೆ?

ನಮ್ಮ ಮನೆಯಲ್ಲಿ ತಪ್ಪಿದ್ದಕ್ಕೆ ಒಂದು ದಾರಿ ಇತ್ತು. ಉಪನಯನವಾದ ಹೊಸದರಲ್ಲಿ ನಾನು ಸಂಧ್ಯಾವಂದನೆಗೆ ತಡಮಾಡಿದರೆ ಅಣ್ಣನೇ ಪಕ್ಕದಲ್ಲಿ ಕೂತು ಒಂದು ಅರ್ಘ್ಯ ಹೆಚ್ಚಿಗೆ ಬಿಡಿಸುತ್ತಿದ್ದ. ಹೊತ್ತು ಮೀರಿದ್ದಕ್ಕೆ ಅದು ಪ್ರಾಯಶ್ಚಿತ್ತ. ತಿಥಿಯ ದಿನ ಮೈಲಿಗೆ ಬಂದರೆ ಅದು ಕಳೆದ ಮೇಲೆ ಮಾಡುವುದುಂಟು. ತಪ್ಪಿದ್ದನ್ನು ಸೇರಿಸಿ ಮಾಡಿದರೆ ಸರಿಹೋಗುತ್ತದೆ ಎಂಬುದು ನನ್ನ ರಕ್ತದಲ್ಲೇ ಇತ್ತು. ಮಾತ್ರೆಗೂ ಅದನ್ನೇ ಮಾಡಿದೆ. ಅಂದಿನಿಂದ ದಿನಕ್ಕೆ ಎರಡು ನುಂಗತೊಡಗಿದೆ. ಒಂದು ಆ ದಿನದ್ದು, ಒಂದು ತಪ್ಪಿದ್ದು.

ಕೆಮ್ಮು ಬಿಡಲಿಲ್ಲ. ಹಿಂದೊಮ್ಮೆ, ಈ ಕೊಲೆಸ್ಟ್ರಾಲ್ ಮಾತ್ರೆ ಶುರುವಾಗುವ ಮೊದಲು, ಇಂಥದೇ ಕೆಮ್ಮಿಗೆ ಒಂದು ಆ್ಯಂಟಿಬಯೋಟಿಕ್ ಚೆನ್ನಾಗಿ ಹಿಡಿದಿತ್ತು. ಅದರ ಹೆಸರು ನೆನಪಿತ್ತು. ಅಂಗಡಿಯಲ್ಲಿ ಅದನ್ನೇ ಕೇಳಿ ತಂದೆ. ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೇಳಿದ್ದರೂ ಕೆಮ್ಮಿಗೂ ಕೊಲೆಸ್ಟ್ರಾಲಿಗೂ ಏನು ಸಂಬಂಧ ಎಂದೇ ನಾನು ಹೇಳುತ್ತಿದ್ದೆನೋ ಏನೋ.

ನೋವು ಮೊದಲು ತೊಡೆಯಲ್ಲಿ ಶುರುವಾಯಿತು. ನೆಲದ ಮೇಲೆ ಮಲಗಿದ್ದು, ಗಂಟೆಗಟ್ಟಲೆ ಚಕ್ಕಳಮಕ್ಕಳ ಹಾಕಿ ಕೂತದ್ದು, ಅದಕ್ಕೇ ಇರಬೇಕು ಎಂದುಕೊಂಡೆ. ಆಮೇಲೆ ತೋಳಿಗೆ ಬಂತು. ಮಿಕ್ಸಿಯ ಮೋಟಾರಿನ ಸ್ಕ್ರೂ ಬಿಗಿಯಲು ಹೋದರೆ ಕೈ ತಿರುಗುತ್ತಿರಲಿಲ್ಲ. ತಿರುಗಿಸುವ ಮನಸ್ಸಿದೆ, ಕೈಯಲ್ಲಿ ಯಾರೋ ಬತ್ತಿ ಎಳೆದು ತೆಗೆದ ಹಾಗೆ. ಗಿರಾಕಿಗಳು ಮುಖ ನೋಡಿ, "ಅಣ್ಣ ಹೋದ ದುಃಖ, ಸುಧಾರಿಸ್ಕೊಳ್ಳಿ," ಎನ್ನುತ್ತಿದ್ದರು. ನನಗೂ ಅದು ಒಪ್ಪುವ ಮಾತೇ ಆಗಿತ್ತು. ಇಷ್ಟು ದೊಡ್ಡ ದುಃಖ ಮೈಯಲ್ಲಿ ಎಲ್ಲಾದರೂ ಕಾಣಿಸಿಕೊಳ್ಳಲೇಬೇಕಲ್ಲ. ನೋವು ಇಲ್ಲದಿದ್ದರೆ ನನಗೇ ನಾಚಿಕೆಯಾಗುತ್ತಿತ್ತು.

ಮಾತ್ರೆಯ ಮೇಲೆ ಸಂಶಯ ಬರಲಿಲ್ಲ ಎಂದಲ್ಲ. ಈ ಮಾತ್ರೆಗೆ ಕೆಲವರಿಗೆ ಮಾಂಸಖಂಡ ನೋಯುತ್ತದೆ, ಹಾಗಾದರೆ ಬಂದು ಹೇಳಿ ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ಆದರೆ ಹೇಳಲು ಹೋದರೆ ನಿಲ್ಲಿಸಿ ಎಂದುಬಿಟ್ಟರೆ? ನಿಲ್ಲಿಸಿದವನನ್ನು ನಾನು ಹೊತ್ತು ಬಂದು ಇನ್ನೂ ಹೆಗಲು ಆರಿರಲಿಲ್ಲ.

ಅತ್ತಿಗೆ ಒಂದು ಬೆಳಿಗ್ಗೆ ಬಸ್ಸಿನಲ್ಲಿ ಬಂದಳು. ಹೆಸರುಬೇಳೆ ತೊವ್ವೆ, ಚಟ್ನಿಪುಡಿ ತಂದಿದ್ದಳು. ನಾನು ಕುರ್ಚಿಯಿಂದ ಏಳಲು ಎರಡೂ ಕೈ ಊರಿ, ಆಗದೆ, ಮತ್ತೆ ಕೂತದ್ದನ್ನು ಬಾಗಿಲಲ್ಲೇ ನಿಂತು ನೋಡಿದಳು.

"ಏನಾಗಿದೆ ನಿಂಗೆ?"

"ಮೈಕೈ ನೋವು ಅತ್ತಿಗೆ. ನದಿ ನೀರು ಹಿಡಿದಿದೆ."

"ನದಿ ನೀರು ಇಷ್ಟು ದಿನ ಹಿಡಿಯುತ್ತಾ?" ಹತ್ತಿರ ಬಂದಳು. "ಮೂತ್ರ ಸರಿ ಹೋಗ್ತಿದ್ಯಾ?"

ಅತ್ತಿಗೆಯ ಬಾಯಲ್ಲಿ ಅಂಥ ಪ್ರಶ್ನೆಯನ್ನು ನಾನು ನಿರೀಕ್ಷಿಸಿರಲಿಲ್ಲ. ಮುಖ ತಿರುಗಿಸಿ, ಸ್ವಲ್ಪವೇ ಹೋಗುತ್ತಿದೆ, ಬಣ್ಣ ಡಿಕಾಕ್ಷನ್ ಹಾಗಿದೆ, ಕಷಾಯ ಕುಡಿಯುತ್ತಿರುವುದಕ್ಕೆ ಇರಬೇಕು ಎಂದೆ.

ಅವಳು ಡಬ್ಬಿಗಳನ್ನು ಕೂಡ ಚೀಲದಿಂದ ತೆಗೆಯಲಿಲ್ಲ. "ಅಂಗಿ ಹಾಕ್ಕೋ," ಎಂದಳು.

"ಗಿರಾಕಿ ಬರ್ತಾರೆ, ಮಧ್ಯಾಹ್ನ..."

"ನಂಗೆ ಇನ್ನೊಂದ್ಸಲ ಹದಿಮೂರು ದಿನ ಮಾಡಿಸ್ಬೇಡ ಮಾರಾಯ. ಮಾಡಕ್ಕೆ ಯಾರೂ ಇಲ್ಲ ಈಗ. ಏಳು."

ಆಟೋದಲ್ಲಿ ಹೋದೆವು. ಮಾತ್ರೆ ಬರೆದುಕೊಟ್ಟಿದ್ದ ಡಾಕ್ಟರೇ ಸಿಕ್ಕಿದರು. ಏನೇನು ತೆಗೆದುಕೊಳ್ಳುತ್ತಿದ್ದೀರಿ ಎಂದು ಕೇಳಿದಾಗ ಎಲ್ಲ ಹೇಳಿದೆ. ಎರಡೆರಡು ನುಂಗಿದ್ದನ್ನು ಹೇಳುವಾಗ ಅತ್ತಿಗೆ ನನ್ನ ಕಡೆ ತಿರುಗಿದ್ದು ಕಣ್ಣಂಚಿನಲ್ಲಿ ಕಂಡಿತು. ಕೆಮ್ಮಿನ ಮಾತ್ರೆಯ ಹೆಸರು ಹೇಳಿದಾಗ ಡಾಕ್ಟರು ಪೆನ್ನು ಕೆಳಗಿಟ್ಟರು. ಎರಡೂ ಈ ಕ್ಷಣದಿಂದ ಬಂದ್ ಎಂದರು. ರಕ್ತ ಪರೀಕ್ಷೆಗೆ ಕಳಿಸಿ, ಅವತ್ತೇ ಆಸ್ಪತ್ರೆಗೆ ಸೇರಿಸಿ ಗ್ಲೂಕೋಸ್ ಬಾಟಲಿಯ ಹಾಗಿದ್ದ ಉಪ್ಪುನೀರಿನ ಡ್ರಿಪ್ ಹಾಕಿಸಿದರು.

ವಾರ್ಡಿಗೆ ಬಂದಾಗ ಅವರು ಬಿಡಿಸಿ ಹೇಳಿದರು. ಕೊಲೆಸ್ಟ್ರಾಲ್ ಮಾತ್ರೆಯನ್ನು ಕರಗಿಸಿ ಹೊರಹಾಕುವುದು ಪಿತ್ತಜನಕಾಂಗದ ಕೆಲಸ. ನಾನು ಕೇಳಿ ತಂದ ಆ್ಯಂಟಿಬಯೋಟಿಕ್ ಆ ಕೆಲಸಕ್ಕೆ ಅಡ್ಡ ನಿಲ್ಲುವಂಥದ್ದು. ಔಷಧ ಹೊರಗೆ ಹೋಗದೆ ಮೈಯಲ್ಲೇ ಕೂಡುತ್ತ ಬಂದಿದೆ, ಅದರ ಮೇಲೆ ನಾನು ದಿನವೂ ಎರಡರಷ್ಟು ಸುರಿದಿದ್ದೇನೆ. ಮಾಂಸಖಂಡ ಒಡೆದು ಅದರ ಕಸವೆಲ್ಲ ಕಿಡ್ನಿಗೆ ಹೋಗಿ ಕಟ್ಟಿಕೊಳ್ಳುತ್ತಿದೆ. ಮೂತ್ರದ ಬಣ್ಣ ಅದೇ.

"ಇದು ಅಪರೂಪ," ಎಂದರು. "ಬಹಳ ಜನ ಈ ಮಾತ್ರೆ ವರ್ಷಗಟ್ಟಲೆ ತಗೊಂಡು ಚೆನ್ನಾಗೇ ಇರ್ತಾರೆ. ಆದ್ರೆ ನೀವು ಎಲ್ಲಾ ಒಟ್ಟಿಗೆ ಸೇರಿಸ್ಬಿಟ್ರಿ. ಒಂದಿನ ಮರೆತ್ರೆ ಮರೆತಿದ್ದು ಹೋಯ್ತು ಅಂತ ಬಿಟ್ಟು, ಮಾರನೇ ದಿನ ಒಂದೇ ತಗೋಬೇಕು. ಇನ್ನು ಊಟ ಇಲ್ಲ ಅಂತ ಬಿಡೋ ಅಗತ್ಯನೇ ಇರ್ಲಿಲ್ಲ. ನೀವು ತಗೊಳ್ತಿದ್ದಿದ್ದನ್ನ ಬರೀ ನೀರಲ್ಲೂ ನುಂಗ್ಬಹುದಿತ್ತು."

ನೀರು ಕುಡಿಯಲು ಕರ್ಮದಲ್ಲಿ ಯಾವ ಅಡ್ಡಿಯೂ ಇರಲಿಲ್ಲ.

ಡಾಕ್ಟರು ಹೋದ ಮೇಲೆ ಅತ್ತಿಗೆ ಎದ್ದು ಬಂದಳು. ಮಂಚದ ಕಂಬಿ ಹಿಡಿದುಕೊಂಡು ಮೆಲ್ಲಗೆ ಹೇಳಿದಳು. "ಅವ್ರು ಯಾರನ್ನೂ ಕೇಳ್ದೆ ಬಿಟ್ರು. ನೀನು ಯಾರನ್ನೂ ಕೇಳ್ದೆ ಎರಡು ತಿಂದೆ. ನಿಮ್ಮನೆ ಗಂಡಸ್ರಿಗೆ ಬಾಯಿ ಯಾಕೆ ಕೊಟ್ಟಿದಾನೋ ದೇವ್ರು."

ಅವಳು ನನ್ನ ಹೊದಿಕೆ ಸರಿಮಾಡಿದಳು.

"ಇಬ್ರೂ ಒಂದೇ. ನೀನು ಅವರಿಗಿಂತ ಜಾಣ ಅಂದ್ಕೋಬೇಡ."

ಕಿಡ್ನಿ ಉಳಿಯಿತು. ಮೂತ್ರದ ಬಣ್ಣ ತಿಳಿಯಾಗುತ್ತ ಬಂತು, ತೋಳಿಗೆ ಸ್ವಲ್ಪ ಸ್ವಲ್ಪವೇ ಬಲ ಬಂತು. ಮನೆಗೆ ಕಳಿಸುವಾಗ ಡಾಕ್ಟರು, ನಾನು ಹೇಳುವವರೆಗೆ ಕೊಲೆಸ್ಟ್ರಾಲ್ ಮಾತ್ರೆ ಮುಟ್ಟಬೇಡಿ, ಮತ್ತೆ ಮತ್ತೆ ರಕ್ತ ನೋಡೋಣ, ಆಮೇಲೆ ಬೇರೆ ಯೋಚನೆ ಮಾಡೋಣ ಎಂದರು.

ಆ ವಾರಗಳೇ ನನಗೆ ಎಲ್ಲಕ್ಕಿಂತ ಕಷ್ಟವಾದವು. ನೋವಿದ್ದಾಗ ಇಷ್ಟು ಹೆದರಿರಲಿಲ್ಲ. ಮಾತ್ರೆ ಇಲ್ಲದ ಪ್ರತಿದಿನ ನಾನು ಅಣ್ಣನ ಜಾಗದಲ್ಲಿ ನಿಂತಂತೆ ಅನ್ನಿಸುತ್ತಿತ್ತು. ಎಡಗೈ ಜೋಮು ಹಿಡಿದರೆ ಅಂಗಡಿಯ ಷಟರ್ ಅರ್ಧ ಎಳೆದು ಕೂತುಬಿಡುತ್ತಿದ್ದೆ. ಬಸ್ ನಿಲ್ದಾಣದಲ್ಲಿ ನಿಲ್ಲಲು ಹೆದರಿಕೆ. ಎರಡು ಭಾನುವಾರ ಜನ್ನಾಪುರಕ್ಕೆ ಹೋಗಲಿಲ್ಲ, ಅತ್ತಿಗೆಯೇ ಬಂದಳು. ಹಳೆಯ ಸ್ಟ್ರಿಪ್ಪಿನಿಂದ ಒಂದು ನುಂಗಿಬಿಡೋಣ ಎಂದು ಕೈ ಹೋದದ್ದೂ ಉಂಟು. ಅದನ್ನು ಅವಳಿಗೆ ಹೇಳಿದೆ. ಅವಳು ಆ ಸ್ಟ್ರಿಪ್ಪನ್ನು ತೆಗೆದುಕೊಂಡು ಹೋಗಿ ಮೆಡಿಕಲ್ ಶಾಪಿನವರಿಗೆ ಕೊಟ್ಟು ಬಂದಳು.

ರಕ್ತ ಸರಿಯಾದ ಮೇಲೆ ಡಾಕ್ಟರು ಅದೇ ಗುಂಪಿನ ಬೇರೊಂದು ಮಾತ್ರೆ, ತೀರ ಸಣ್ಣ ಪ್ರಮಾಣದ್ದು, ಬರೆದರು. ಇದನ್ನು ಯಾವ ಹೊತ್ತಿನಲ್ಲಾದರೂ ತೆಗೆದುಕೊಳ್ಳಬಹುದು, ಬೆಳಿಗ್ಗೆಯಾದರೆ ಮರೆಯುವುದಿಲ್ಲ ಎಂದರು. ನೋವು ಬಂದರೆ ಸಹಿಸಿಕೊಂಡು ಕೂರಬೇಡಿ, ನೀವೇ ನಿಲ್ಲಿಸಲೂ ಬೇಡಿ, ಅವತ್ತೇ ಫೋನ್ ಮಾಡಿ. ಯಾರು ಯಾವ ಔಷಧ ಕೊಟ್ಟರೂ, ಅದು ಹಳ್ಳಿ ಔಷಧವಾದರೂ, ಮೊದಲು ಈ ಮಾತ್ರೆಯ ಹೆಸರು ಹೇಳಿ.

ನಾನು ಎದ್ದು ನಿಂತೆ, ಮತ್ತೆ ಕೂತೆ. ಅತ್ತಿಗೆ ಪಕ್ಕದಲ್ಲೇ ಇದ್ದಳು. ಕೇಳಬಾರದು ಎಂದುಕೊಂಡೇ ಬಂದಿದ್ದೆ.

"ನಮ್ಮಣ್ಣ ಬಿಡದೆ ಇದ್ದಿದ್ರೆ ಬದುಕಿರ್ತಿದ್ನಾ ಡಾಕ್ಟ್ರೇ?"

ಅವರು ಅತ್ತಿಗೆಯನ್ನು ನೋಡಿದರು. "ಹೇಳಕ್ಕಾಗಲ್ಲ. ಬಿಟ್ಟಿದ್ರಿಂದ ಅಪಾಯ ಜಾಸ್ತಿ ಆಗಿರುತ್ತೆ, ಅದು ನಿಜ. ರಿಪೋರ್ಟ್ ಚೆನ್ನಾಗಿ ಬಂದಿದ್ದು ಮಾತ್ರೆ ತಗೊಳ್ತಿದ್ದಿದ್ದಕ್ಕೇ. ಆದ್ರೆ ತಗೊಳ್ತಿದ್ದೋರಿಗೂ ಕೆಲವು ಸಲ ಆಗುತ್ತೆ. ಅವ್ರ ವಿಷಯದಲ್ಲಿ ಯಾವ್ದು ಅಂತ ನಾನು ಹೇಳಿದ್ರೆ ಅದು ಸುಳ್ಳಾಗುತ್ತೆ."

ಹೊರಗೆ ಸವಳಂಗ ರಸ್ತೆಯಲ್ಲಿ ಶಾಲೆ ಬಿಟ್ಟಿತ್ತು. ಆಟೋಗಳ ನಡುವೆ ನಿಂತು ಅತ್ತಿಗೆ, "ಅವ್ರ ರಿಪೋರ್ಟ್ ನಾರ್ಮಲ್ ಬಂದ ದಿನ ನಾನು ಪಾಯಸ ಮಾಡಿದ್ದೆ," ಎಂದಳು. "ಮಾತ್ರೆ ಬಿಟ್ಟೆ ಅಂದಾಗ ಸರಿ ಬಿಡಿ ಅಂದಿದ್ದೆ." ಡಾಕ್ಟರು ಹೇಳಿದ್ದನ್ನೇ ತಿರುಗಿ ಹೇಳಿದೆ, ಹೇಳಲಾಗುವುದಿಲ್ಲ ಎಂದು. ಅದು ಸಮಾಧಾನವಾಗಲಿಲ್ಲ. ಅವಳು ಬಸ್ ಹತ್ತಿದಳು.

ಮಾರನೆಯ ಬೆಳಿಗ್ಗೆ ಹೊಸ ಮಾತ್ರೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂತೆ. ತೆಗೆದುಕೊಂಡರೆ ತೊಡೆಯ ನೋವು ನೆನಪಾಗುತ್ತದೆ, ಬಿಟ್ಟರೆ ಬಸ್ ನಿಲ್ದಾಣ. ಎರಡರ ನಡುವೆ ಎಷ್ಟು ಹೊತ್ತು ಕೂತಿದ್ದೆನೋ, ಅತ್ತಿಗೆಯ ಫೋನ್ ಬಂತು.

"ತಗೊಂಡ್ಯಾ?"

"ಇನ್ನೂ ಇಲ್ಲ."

"ತಗೋ. ನಾನು ಹಿಡ್ಕೊಂಡಿರ್ತೀನಿ."

ನುಂಗಿ ನೀರು ಕುಡಿದೆ. ತಗೊಂಡೆ ಎಂದೆ. ಅವಳು ಫೋನ್ ಇಡಲಿಲ್ಲ.

"ಅವ್ರನ್ನ ಹಿಂಗೆ ದಿನಾ ಕೇಳಿದ್ರೆ ಬೈತಿದ್ರು," ಎಂದಳು.

"ನಾನು ಬೈಯಲ್ಲ ಅತ್ತಿಗೆ."

"ಬೈದ್ರೂ ಕೇಳ್ತೀನಿ. ನಾಳೆ ಇದೇ ಹೊತ್ತಿಗೆ ಮಾಡ್ತೀನಿ."